ಭೂಮಿಗೆ ಅಳತೆ ತೆಗೆದ ನಮ್ಮ ಚಾಚಾ

ಭೂಮಿಯ ಸೊಂಟದ ಸುತ್ತಳತೆ ಬಾಯಿಪಾಠವಿರುವ ಟೇಲರ್ ಯಾರಾದರೂ ನಿಮಗೆ ಗೊತ್ತೇ? ನನಗೆ ಗೊತ್ತು. ಬೇರೆ ಯಾರೂ ಅಲ್ಲ, ನಮ್ಮ ಚಾಚಾ, ನನ್ನ ಅಪ್ಪನ ತಮ್ಮ. ನಾಳೆ ಭೂಮಿ ತಾನಾಗಿ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿಗೆ ಬಂದು 'ನನಗೊಂದು ಪೈಜಾಮ ಹೊಲಿದುಕೊಡಿ' ಎಂದರೆ ಚಾಚಾ ಟೇಪು ಕೂಡ ಬಿಚ್ಚುವುದಿಲ್ಲ, ನೇರವಾಗಿ ಕತ್ತರಿಗೇ ಕೈ ಹಾಕುತ್ತಾನೆ! ಆದರೆ ನೀವು ಹೋಗಿ ನಿಮ್ಮ ಪೈಜಾಮದ ಸುದ್ದಿ ಕೇಳಿ ನೋಡಿ. ಹೋದ ವಾರವಷ್ಟೇ ತೆಗೆದುಕೊಂಡ ನಿಮ್ಮ ಅಳತೆ ಅವನಿಗೆ ನೆನಪಿರುವುದಿಲ್ಲ. "ಇನ್ನೊಮ್ಮೆ ನೆಟ್ಟಗ ನಿಂದರ್ರಿ" ಎಂದು ಕೊರಳಿನ ಟೇಪು ಕೈಗೆ ತೆಗೆದುಕೊಳ್ಳುತ್ತಾನೆ.

ಇದು ಇಂದು ನಿನ್ನೆಯ ಹುಚ್ಚಲ್ಲ. ತೊಂಬತ್ತರ ದಶಕದಲ್ಲಿ, ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅದು ಬಲಿತಿತ್ತು. ಬೇರೆ ಟೇಲರುಗಳ ಗೋಡೆಯ ಮೇಲೆ ಸಿನಿಮಾ ನಾಯಕರು ಸೂಟು ಹಾಕಿಕೊಂಡು ನಗುತ್ತಿದ್ದರೆ, ಚಾಚಾನ ಅಂಗಡಿಯಲ್ಲಿ ಶಾಲೆಯವರು ಬೇಡವೆಂದು ಬಿಸಾಕಿದ ಜಗತ್ತಿನ ನಕಾಶೆ ತೂಗುತ್ತಿತ್ತು. ಆಫ್ರಿಕಾದ ನಟ್ಟನಡುವೆ ಅದು ಹರಿದುಹೋಗಿತ್ತು. ಚಾಚಾ ಸುಮ್ಮನಿರುತ್ತಾನೆಯೇ? ಹಿಂದಿನಿಂದ ಅಸ್ತರ್ ಬಟ್ಟೆ ಕೊಟ್ಟು, ಮಿಷನ್ನಿನಲ್ಲಿ ಎರಡು ಸಲ ಹೊಲಿಗೆ ಓಡಿಸಿದ್ದ. ನಾನು ಎಷ್ಟೋ ವರ್ಷ ಆ ಹೊಲಿಗೆಯನ್ನು ಆ ಕಡೆಯ ರೈಲು ಮಾರ್ಗ ಎಂದೇ ತಿಳಿದುಕೊಂಡಿದ್ದೆ.

ಅಂಗಡಿಗೆ ಬಂದವರು ಅಂಗಿ ಹೊಲಿಸುವ ಮುನ್ನ ಅಕ್ಷಾಂಶ ರೇಖಾಂಶಗಳ ಪಾಠ ಕೇಳಲೇಬೇಕಿತ್ತು. ಮಾಡಗ್ಯಾಳದಿಂದ ಬಂದ ಕುರಿಗಾರರಿಗೂ ಬಿಡುಗಡೆ ಇರಲಿಲ್ಲ.

"ನಿಮ್ಮ ಕುರಿ ಚಲೋ ಮೇಯ್ತಾವ ಖರೆ. ಆದ್ರ ಯಾವ ಅಕ್ಷಾಂಶದಾಗ ಮೇಯ್ತಾವ, ಗೊತ್ತೈತೇನು?" ಎಂದು ಚಾಚಾ ಒಬ್ಬ ಮುದುಕನನ್ನು ಕೇಳಿದ.

"ಅದು ಕುರಿಗೋಳಿಗೆ ಗೊತ್ತಿರಬೇಕ್ರಿ," ಎಂದ ಮುದುಕ. "ನಾ ಅವುಗಳ ಹಿಂದ ಇರ್ತೀನಿ."

ನಮ್ಮೂರ ಪಂಚಾಯತಿಯ ಮುಖ್ಯಸ್ಥರು, ಸರಪಂಚರ ಕತೆ ಇನ್ನೂ ಸ್ವಾರಸ್ಯದ್ದು. ಅವರದು ಸಮೃದ್ಧ ಹೊಟ್ಟೆ. ಒಮ್ಮೆ ಹಬ್ಬಕ್ಕೆಂದು ಉದ್ದ ಪಟ್ಟೆಗಳಿರುವ ಬಟ್ಟೆಯ ಅಂಗಿ ಹೊಲಿಸಿದರು. ತೊಟ್ಟುಕೊಂಡು, ಗುಂಡಿ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತರು. ಎದೆಯ ಮೇಲೆ ಪಕ್ಕಪಕ್ಕದಲ್ಲಿದ್ದ ಪಟ್ಟೆಗಳು ಹೊಟ್ಟೆಯ ಮೇಲೆ ಬಂದು ಅಗಲವಾಗಿ, ಕೆಳಗೆ ಇಳಿಯುತ್ತ ಮತ್ತೆ ಹತ್ತಿರವಾದವು. ಚಾಚಾ ಅದನ್ನು ನೋಡಿದ್ದೇ ತಡ, ಹೊರಗೆ ಓಡಿ ಕಟ್ಟೆಯ ಮೇಲೆ ಕೂತಿದ್ದವರನ್ನೆಲ್ಲ ಕೂಗಿದ!

"ಲಗೂನ ಬರ್ರಿ! ರೇಖಾಂಶ ಅಂದ್ರ ಏನಂತ ಕೇಳತಿದ್ರೆಲ್ಲ, ಇಲ್ಲಿ ನೋಡ್ರಿ! ನಡಬರಕ ಅಗಲ, ಮ್ಯಾಲೂ ಕೆಳಗೂ ಕೂಡ್ತಾವ. ಇದು ಭೂಮಧ್ಯರೇಖೆ!" ಎಂದು ಟೇಲರ್ ಚಾಕಿನಿಂದ ಸರಪಂಚರ ಹೊಟ್ಟೆಯ ಮೇಲೆ ಅಡ್ಡಗೆರೆಯನ್ನೂ ಎಳೆದುಬಿಟ್ಟ.

ಜನರಿಗೆ ಭೂಗೋಳ ಅರ್ಥವಾಯಿತು. ಸರಪಂಚರು ಮಾತ್ರ ಆ ವರ್ಷದಿಂದ ಜತ್ತಿಗೆ ಹೋಗಿ ಬಟ್ಟೆ ಹೊಲಿಸತೊಡಗಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಸಾಂಗ್ಲಿಯಲ್ಲಿ, ಊರುಗಳ ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಇಳಿಸುವ ಸಣ್ಣ ಕಚೇರಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ಅವರು ಹೊಸ ಯಂತ್ರಗಳನ್ನು ತಂದಾಗ ಹಳೆಯದೊಂದು ನನ್ನ ಪಾಲಿಗೆ ಬಂತು. ಹಳೆಯ ಟಿವಿಯಷ್ಟು ಭಾರದ ಮಾನಿಟರನ್ನು ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಎಸ್‌ಟಿ ಬಸ್ಸಿನಲ್ಲಿ ಊರಿಗೆ ತಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ದಾರಿಯುದ್ದಕ್ಕೂ ತೂಕಡಿಸಿ, ಇಳಿಯುವಾಗ ಶಾಲಿನ ಕಡೆ ನೋಡಿ, "ಕೂಸು ಭಾಳ ಶಾಂತ ಐತಿ ಬಿಡವ್ವಾ, ಒಮ್ಮೆ ಸೈತ ಅಳಲಿಲ್ಲ" ಎಂದು ಹೊಗಳಿ ಹೋದಳು.

ಅದನ್ನು ಮನೆಯಲ್ಲಿಟ್ಟು ನಾನು ರವಿವಾರ ಬಂದಾಗ ಏನಾದರೂ ಅಭ್ಯಾಸ ಮಾಡಬೇಕೆಂದುಕೊಂಡಿದ್ದೆ. ಚಾಚಾ ಬಿಡಬೇಕಲ್ಲ! ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯಲ್ಲಿ ಕೆಟ್ಟು ಕೂತಿದ್ದ ಎರಡನೆಯ ಹೊಲಿಗೆ ಮಿಷನ್ನಿನ ಮೇಲೆ ಅದನ್ನು ಪ್ರತಿಷ್ಠಾಪಿಸಿದ. ಧೂಳು ಕೂರಬಾರದೆಂದು ಕುಪ್ಪಸದ ತುಂಡುಗಳಿಂದ ಒಂದು ಗವಸನ್ನೂ ಹೊಲಿದ. ಅದರ ಅಂಚಿಗೆ ನಿರಿಗೆ ನಿರಿಗೆಯ ಝಾಲರು ಬೇರೆ! ಈದ್‌ಗೆ ನನಗೆ ಹೊಲಿದ ಬಟ್ಟೆಗೂ ಅಷ್ಟು ಝಾಲರು ಇರಲಿಲ್ಲ.

ಆ ಕಂಪ್ಯೂಟರಿನಲ್ಲಿ ನಮ್ಮ ಕಚೇರಿಯ ನಕಾಶೆ ಸಾಫ್ಟ್‌ವೇರ್ ಇತ್ತು. ಅದರಲ್ಲೊಂದು ಸಣ್ಣ ಚೌಕ. ಆ ಚೌಕದಲ್ಲಿ ಗುರುತು ಹಾಕಿದರೆ ಸಾಕು, ನಕಾಶೆಯ ಮೇಲೆ ಅಕ್ಷಾಂಶ ರೇಖಾಂಶಗಳ ಗೆರೆಗಳು ತಾವಾಗಿ ಮೂಡುತ್ತವೆ. ಪುಸ್ತಕದ ನಕಾಶೆಯಂತೆ ಒಂದೇ ಕಡೆ ಅಂಟಿಕೊಂಡು ಕೂರುವ ಗೆರೆಗಳಲ್ಲ ಇವು. ಇಡೀ ದೇಶವನ್ನು ನೋಡುವಾಗ ಹತ್ತು ಡಿಗ್ರಿಗೊಂದರಂತೆ ದೂರದೂರ ನಿಂತಿರುತ್ತವೆ. ಜಿಲ್ಲೆಯ ಹತ್ತಿರ ಹೋದರೆ ನಡುನಡುವೆ ಹೊಸ ಗೆರೆಗಳು ಹುಟ್ಟುತ್ತವೆ, ಊರಿನ ಮೇಲೆ ಬಂದರೆ ಚದುರಂಗದ ಮನೆಗಳಂತೆ ಇನ್ನೂ ಸಣ್ಣಸಣ್ಣ ಖಾನೆಗಳಾಗುತ್ತವೆ. ಹಿಂದೆ ಸರಿದರೆ ಮತ್ತೆ ಸಡಿಲ. ಅಂಚಿನಲ್ಲಿರುವ ಅಂಕಿಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ.

ಇದನ್ನು ಮೊದಲ ಸಲ ತೋರಿಸಿದಾಗ ಚಾಚಾ ಕುರ್ಚಿಯಿಂದ ಎದ್ದು ನಿಂತ.

"ಏ ಬೇಟಾ! ಇವು ಎಲಾಸ್ಟಿಕ್ ಗೆರಿ ಅದಾವಲ್ಲ!"

ಜೀವಮಾನವಿಡೀ ಬೇರೆಯವರ ಅಂಗಿಗಳನ್ನು ಬಿಚ್ಚಿ ಬಿಗಿ ಮಾಡಿ, ಬಿಚ್ಚಿ ಸಡಿಲ ಮಾಡಿ ಸಾಕಾಗಿದ್ದವನಿಗೆ ತನ್ನಷ್ಟಕ್ಕೆ ತಾನೇ ಬಿಗಿಯಾಗಿ ಸಡಿಲವಾಗುವ ವಸ್ತುವೊಂದು ಕಂಡರೆ ಹೇಗಾಗಬೇಡ? ಅಂದಿನಿಂದ ಚಾಚಾ ಆ ಗೆರೆಗಳಿಗೆ ಮಾರುಹೋದ. ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ಅವನು ಕಲಿಯಲಿಲ್ಲ, ಕಲಿಯುವ ಮನಸ್ಸೂ ಮಾಡಲಿಲ್ಲ. ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಹಿಡಿದು, ಒತ್ತಿ ಒತ್ತಿ ಎಳೆಯುತ್ತಿದ್ದ. ಕಾದಿದೆಯೋ ಇಲ್ಲವೋ ಎಂದು ಒದ್ದೆ ಬೆರಳಿನಿಂದ ಮುಟ್ಟಿ ನೋಡಲಿಲ್ಲ, ಅದೇ ನನ್ನ ಪುಣ್ಯ! ಲೋಡ್ ಶೆಡ್ಡಿಂಗ್ ಮುಗಿದು ಕರೆಂಟು ಬಂತೆಂದರೆ ಊರಿನಲ್ಲಿ ಎರಡು ಕಡೆ ಗಡಿಬಿಡಿ: ಹಿಟ್ಟಿನ ಗಿರಣಿಯಲ್ಲಿ ಒಂದು, ಚಾಚಾನ ಅಂಗಡಿಯಲ್ಲಿ ಇನ್ನೊಂದು.

ಇಷ್ಟೆಲ್ಲ ಆಗುವಾಗ ಅವನ ಹೆಂಡತಿ, ನಮ್ಮ ಚಾಚಿ, ಸುಮ್ಮನಿದ್ದಳೇ ಎಂದು ನೀವು ಕೇಳಬಹುದು. ಸುಮ್ಮನಿರಲಿಲ್ಲ. ರಮಜಾನಿನ ಬಟ್ಟೆಗಳೆಲ್ಲ ಹೊಲಿಯದೆ ಹಾಗೇ ಬಿದ್ದಿವೆ ಎಂದು ಒಂದೇ ಸಮ ಒದರುತ್ತಿದ್ದಳು. ಆದರೆ ಅವಳಿಗೆ ಒಂದು ಚಿಂತೆ ಇತ್ತು, ಆ ಚಿಂತೆಯೇ ಅವಳನ್ನೂ ಆ ಪೆಟ್ಟಿಗೆಯ ಮುಂದೆ ತಂದು ಕೂರಿಸಿತು. ಅವರ ಒಬ್ಬನೇ ಮಗ, ನಾವೆಲ್ಲ ಭಾಯಿ ಎಂದು ಕರೆಯುವವನು, ಲಾರಿ ಡ್ರೈವರ್. ನಮ್ಮ ಕಡೆಯ ದಾಳಿಂಬೆ, ಒಣದ್ರಾಕ್ಷಿ ಹೇರಿಕೊಂಡು ದೇಶದ ಮೂಲೆಮೂಲೆಗೂ ಹೋಗುತ್ತಿದ್ದ. ಚಾಚಿ ಈ ಕಡೆ ಮಿರಜ, ಆ ಕಡೆ ವಿಜಾಪುರ ಬಿಟ್ಟು ಬೇರೆ ಊರು ಕಂಡವಳಲ್ಲ. ಮಗ ಎಲ್ಲಿದ್ದಾನೆ ಎಂದು ತಿಳಿಯದ ದಿನ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಭಾಯಿ ಅಂಗಡಿಗೆ ಫೋನ್ ಮಾಡಿದ ಕೂಡಲೇ ಚಾಚಾ ಊರಿನ ಹೆಸರು ಕೇಳಿಕೊಂಡು ನಕಾಶೆಯಲ್ಲಿ ಹುಡುಕಿ, ಚಾಚಿಯನ್ನು ಕರೆದು, "ನೋಡು, ನಿನ್ನ ಮಗ ಇಪ್ಪತ್ತೊಂದನೇ ಅಕ್ಷಾಂಶ ದಾಟ್ಯಾನ" ಎನ್ನುತ್ತಿದ್ದ. ಚಾಚಿಗೆ ಅಂಕಿ ತಗೊಂಡು ಏನಾಗಬೇಕು? ಅವಳು ಖಾನೆ ಎಣಿಸುತ್ತಿದ್ದಳು, ಚೌಕಡಿ ಲುಂಗಿಯ ಮೇಲೆ ಎಣಿಸಿದಂತೆ. ಹೀಗೇ ಎಣಿಸುತ್ತ ಒಂದು ದಿನ ಗಂಡನನ್ನು ಹಿಡಿದೇಬಿಟ್ಟಳು.

"ಮುಂಜಾನೆ ನಡಬರಕ ಭಾಳ ಖಾನಿ ಇದ್ವು. ಈಗ ನಾಲ್ಕ ಅದಾವ. ಅವನ ಗಾಡಿ ಅಲ್ಲೇ ನಿಂತೈತಿ ಅಂತೀರಿ, ಮತ್ತ ಹತ್ತರ ಹ್ಯಾಂಗ ಬಂದ?"

"ಅವ ಬಂದಿಲ್ಲ. ನಾ ನಕಾಶಿ ಹಿಂದಕ್ಕ ಸರಸೀನಿ, ಗೆರಿ ಸಡಲ ಆಗ್ಯಾವ."

ಚಾಚಿ ತೆರೆಯ ಕಡೆ ಬೆರಳು ಮಾಡಿದಳು. "ಹಂಗಾರ ಇನ್ನಷ್ಟ ಸಡಲ ಮಾಡ್ರಿ. ಅವನೂ ನಮ್ಮ ಮನಿಯೂ ಒಂದ ಖಾನ್ಯಾಗ ಬರಲಿ."

ಅಲ್ಲಿಂದ ಆ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಫೋನ್ ಬಂದಾಗಲೆಲ್ಲ ಚಾಚಾ ನಕಾಶೆಯನ್ನು ಹಿಂದೆ ಹಿಂದೆ ಸರಿಸುತ್ತ ಹೋಗಬೇಕು, ಮಗನೂ ಮನೆಯೂ ಒಂದೇ ಖಾನೆಯೊಳಗೆ ಬರಬೇಕು, ಆಮೇಲೆಯೇ ಚಾಚಿಯ ಊಟ. ಹೈದರಾಬಾದಿಗೆ ಹೋದರೆ ಸುಲಭ, ಹತ್ತು ಡಿಗ್ರಿಯ ಖಾನೆ ಸಾಕು. ದಿಲ್ಲಿಗೆ ಹೋದರೆ ಮೂವತ್ತರ ಖಾನೆಯೇ ಬೇಕು, ಅವತ್ತು ರೊಟ್ಟಿ ಆರಿಹೋಗುತ್ತಿತ್ತು. ಒಮ್ಮೆ ಭಾಯಿ ಮದ್ರಾಸಿನಿಂದ ಫೋನ್ ಮಾಡಿದ. ಅದು ಎಂಬತ್ತರ ರೇಖಾಂಶದ ಗೆರೆಯಿಂದ ಕೂದಲೆಳೆಯಷ್ಟು ಆಚೆ. ಚಾಚಿ ಫೋನ್ ಕಸಿದುಕೊಂಡು ಗದರಿದಳು.

"ಎಲ್ಲಿ ಹೋಗಿ ನಿಂತೀಯೋ? ಗಾಡಿ ಒಂದೀಟ ಹಿಂದಕ್ಕ ತಗೊಂಡ ನಿಲ್ಲಸು, ನಾ ಊಟ ಮಾಡಬೇಕು!"

ಪಾಪ, ಅವನು ಅಲ್ಲಿ ಲಾರಿಯಿಂದ ಇಳಿದು ಹಿಂದಿನ ಚಕ್ರ ನೋಡಿ ಬಂದನಂತೆ.

ಇನ್ನು ಸುಣ್ಣದ ಗೆರೆಯ ಪ್ರಸಂಗ. ಹದಿನೇಳನೆಯ ಅಕ್ಷಾಂಶ ನಮ್ಮ ತಾಲೂಕಿನ ಮೇಲೆಯೇ ಹಾದುಹೋಗುತ್ತದೆ. ಒಂದು ದಿನ ಚಾಚಾ ನಕಾಶೆಯನ್ನು ಹತ್ತಿರ ಹತ್ತಿರ ತರುತ್ತ, ಆ ಗೆರೆ ನಮ್ಮ ಊರಿನಲ್ಲೇ ಹಾಯುತ್ತದೆ ಎಂದು ಕಂಡುಹಿಡಿದ. ಆ ಹಳೆಯ ನಕಾಶೆ ಒಂದು ಹೊಲದಷ್ಟು ಆಚೀಚೆ ಇರಬಹುದು ಎಂದು ನಾನು ಹೇಳಿದೆ. "ಇರವಲ್ದ್ಯಾಕ, ಇದು ಕಚ್ಚಾ ಹೊಲಗಿ. ಬರಾಬರ್ ಆಗಲಿಲ್ಲಂದ್ರ ಬಿಚ್ಚೂಣು" ಎಂದ. ಮರುದಿನ ಬೆಳಿಗ್ಗೆ ರೀಲುಗಟ್ಟಲೆ ಹೊಲಿಗೆ ದಾರ ಕಟ್ಟಿ, ಅದರ ಗುಂಟ ಬುಟ್ಟಿಯಿಂದ ಸುಣ್ಣ ಸುರಿಯುತ್ತ, ಶಾಲೆಯ ಬಯಲಿನಿಂದ ಹೊಲಗಳ ತನಕ ನೆಟ್ಟಗೆ ಹದಿನೇಳನೆಯ ಅಕ್ಷಾಂಶವನ್ನು ಎಳೆದೇಬಿಟ್ಟ!

ನಮ್ಮ ಕಡೆ ಹೊಲದಲ್ಲಿ ಸುಣ್ಣದ ಗೆರೆ ಹಾಕುವವರು ಯಾರು ಹೇಳಿ? ಕಾಲುವೆಯವರು. ಕಾಲುವೆ ಬರುತ್ತದೆ, ನೀರು ಬರುತ್ತದೆ ಎಂಬ ಮಾತನ್ನು ಕೇಳಿ ಕೇಳಿಯೇ ನಾವೆಲ್ಲ ದೊಡ್ಡವರಾದದ್ದು. ಮಧ್ಯಾಹ್ನದ ಹೊತ್ತಿಗೆ ಚಾಚಾನ ಅಂಗಡಿಯ ಮುಂದೆ ಜಾತ್ರೆಯೇ ನೆರೆಯಿತು. ಒಬ್ಬ ದಾಳಿಂಬೆ ತಂದ, ಇನ್ನೊಬ್ಬ ಕೋಳಿ ತಂದ. ಎಲ್ಲರದೂ ಒಂದೇ ಬೇಡಿಕೆ: ಗೆರೆ ನಮ್ಮ ಹೊಲದ ಪಕ್ಕದಲ್ಲಿ ಹಾಯಲಿ. ಕುಣಿಕೋಣೂರಿಂದ ಸೈಕಲ್ ಮೇಲೆ ಬಂದವನೊಬ್ಬ, ತನ್ನ ಊರಿನ ತನಕ ಅದನ್ನು ಮುಂದುವರಿಸಿದರೆ ಸುಣ್ಣ ತಾನೇ ಕೊಡುವುದಾಗಿ ಹೇಳಿದ. ಅಂಗಿಯ ಸಿಟ್ಟು ಮರೆತು ಸರಪಂಚರೂ ಬಂದರು.

"ಚಾಚಾ, ಗೆರಿ ಒಂದ ಹತ್ತ ಮಾರು ನಮ್ಮ ಕಡೆ ಸರಸ್ರಿ. ನಿಮಗೇನು ಹೋಗೂದೈತಿ?"

"ಸರಪಂಚರ, ಇದು ಕಾಲಿವಿ ಅಲ್ರಿ. ಇದು ಹದಿನೇಳನೇ ಅಕ್ಷಾಂಶ. ಇದನ್ನ ಸರಸಿದ್ರ ಆಂಧ್ರದಿಂದ ಅರಬಸ್ತಾನದ ತನಕ ಎಲ್ಲಾರೂ ಸರೀಬೇಕಾಗತೈತಿ."

"ಅವರ ಕೂಡ ನಾ ಮಾತಾಡ್ತೀನಿ. ನೀವು ಮೊದಲ ಇಲ್ಲಿಂದು ಸರಸ್ರಿ!"

ಚಾಚಾ ಒಪ್ಪಲಿಲ್ಲ. ಕೋಳಿ ವಾಪಸು ಹೋಯಿತು, ದಾಳಿಂಬೆಯೂ ಹೋಯಿತು. ಗೆರೆ ಅಂದ್ರ ಗೆರೆ, ಯಾರ ಮುಖ ನೋಡಿಯೂ ಅದು ಅತ್ತಿತ್ತ ಆಗುವುದಿಲ್ಲ ಎಂದು ಅಂಗಡಿಯ ಮುಂದೆ ನಿಂತು ಸಾರಿದ. ನೀರಿಲ್ಲದ ಗೆರೆ ಯಾಕೆ ಹಾಕಿದಿ ಎಂದು ಜನ ಸ್ವಲ್ಪ ದಿನ ಮುನಿಸಿಕೊಂಡರು. ಆಮೇಲೆ ಜಗತ್ತಿನ ಗೆರೆಯೊಂದು ನಮ್ಮೂರಲ್ಲಿ ಹಾದಿದೆಯಲ್ಲ ಎಂದು ಅವರಿಗೇ ಹೆಮ್ಮೆ ಬಂತು. ಸುಣ್ಣ ಕುರಿಗಳ ಕಾಲಿಗೆ ಹತ್ತಿ ಎಂದೋ ಅಳಿದುಹೋಯಿತು, ಆದರೆ ನೆಂಟರಿಗೆ ದಾರಿ ಹೇಳುವಾಗ ಈಗಲೂ ಕೆಲವರು "ಹದಿನೇಳರ ಆಚೆ ಬರ್ರಿ, ಬಲಕ್ಕ ನಮ್ಮ ಮನಿ" ಎನ್ನುತ್ತಾರೆ.

ಅದಾಗಿ ಒಂದೆರಡು ವರ್ಷಕ್ಕೆ, ಮಳೆಗಾಲದಲ್ಲಿ, ಭಾಯಿ ಒಣದ್ರಾಕ್ಷಿ ಹೇರಿಕೊಂಡು ಗೌಹಾತಿಗೆ ಹೊರಟ. ಅಷ್ಟು ದೂರ ಅವನು ಹೋಗಿದ್ದು ಅದೇ ಮೊದಲು. ಸಿಲಿಗುರಿಯಿಂದ ಫೋನ್ ಬಂತು: "ನಾಳೆ ಗೌಹಾತಿ ಮುಟ್ಟತೀನಿ." ಮೂವತ್ತರ ಖಾನೆಯಲ್ಲಿ ಮಗನೂ ಮನೆಯೂ ಕೂಡಿ ಬಂದರು, ಚಾಚಿ ಉಂಡಳು. ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಟಿವಿಯಲ್ಲಿ ನೋಡಿದರೆ ಆ ಕಡೆ ಹೊಳೆಗಳು ಉಕ್ಕಿ ರಸ್ತೆಗಳು ಕೊಚ್ಚಿಹೋಗಿವೆ. ಭಾಯಿಯ ಮೊಬೈಲು ಹತ್ತುತ್ತಿಲ್ಲ. ರಜೆಯ ಮೇಲೆ ಬಂದಿದ್ದ ನಾನೂ, ಚಾಚಾನೂ ಸರದಿಯಂತೆ ನಂಬರು ಒತ್ತಿ ಒತ್ತಿ ಬೆರಳು ನೋಯಿಸಿಕೊಂಡೆವು.

(ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಭಾಯಿಗೆ ಏನೂ ಆಗಿರಲಿಲ್ಲ. ರಸ್ತೆ ಕಟ್ಟಾಗಿ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದು, ತಾನು ಹೇರಿಕೊಂಡು ಹೋದ ಒಣದ್ರಾಕ್ಷಿಯನ್ನೇ ತಿನ್ನುತ್ತ ಆರಾಮವಾಗಿ ಕೂತಿದ್ದ! ನಿಮ್ಮನ್ನು ಸುಮ್ಮನೆ ಗಾಬರಿಪಡಿಸಿ ನನಗೇನಾಗಬೇಕು? ಆದರೆ ನಮಗೆ ಆಗ ಇದು ಗೊತ್ತಿರಲಿಲ್ಲ, ಅಷ್ಟೇ.)

ಚಾಚಿ ಊಟ ಬಿಟ್ಟಳು. ಗೌಹಾತಿ ಮುಟ್ಟಿರಬೇಕು, ಅಲ್ಲೇ ಇದ್ದಾನೆ ಎಂದು ಚಾಚಾ ತಾನೇ ಗಟ್ಟಿಯಾಗಿ ತೀರ್ಮಾನಿಸಿ ಕಂಪ್ಯೂಟರಿನ ಮುಂದೆ ಕೂತ. ಚಾಚಿ ಪಕ್ಕದಲ್ಲಿ ಬಂದು ನಿಂತಳು. ಚಾಚಾ ನಕಾಶೆಯನ್ನು ಹಿಂದೆ ಸರಿಸಿದ. ಹತ್ತರ ಗೆರೆಗಳು ಬಂದವು, ನಡುವೆ ತೊಂಬತ್ತರ ಗೆರೆ ನಿಂತಿತ್ತು. ಮನೆ ಅದರ ಈಚೆ, ಗೌಹಾತಿ ಆಚೆ. ಇನ್ನೂ ಸರಿಸಿದ. ಹದಿನೈದರ ಗೆರೆಗಳು ಬಂದವು, ಮೂವತ್ತರವು ಬಂದವು, ನಲವತ್ತೈದರವು ಬಂದವು. ನೀವೇ ಲೆಕ್ಕ ಹಾಕಿ ನೋಡಿ, ಯಾವುದರಿಂದ ಎಣಿಸಿದರೂ ತೊಂಬತ್ತು ತಪ್ಪುತ್ತದೆಯೇ? ಕೊನೆಗೆ ಇಡೀ ಜಗತ್ತು ತೆರೆಯ ಮೇಲೆ ಬಂದು ನಿಂತಿತು, ಅದರ ಮೇಲೆ ಕೈಬೆರಳೆಣಿಕೆಯ ಗೆರೆಗಳು. ಅದರಲ್ಲೂ ಒಂದು ತೊಂಬತ್ತರದೇ! ನಮ್ಮೂರು, ಗೌಹಾತಿ ಎರಡೂ ಸಾಸಿವೆಯಷ್ಟಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಆದರೂ ಆ ಗೆರೆ ನಡುವೆ ಬಿಡಲಿಲ್ಲ.

"ಇನ್ನೊಂದೀಟ ಸಡಲ ಮಾಡ್ರಿ," ಎಂದಳು ಚಾಚಿ.

"ಇನ್ನ ಆಗೂದಿಲ್ಲ," ಎಂದ ಚಾಚಾ. "ಭೂಮಿನ ಮುಗೀತು."

ಚಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಗೆರೆಯನ್ನೇ ನೋಡುತ್ತ ನಿಂತಳು. ಚಾಚಾ ಅವಳ ಮುಖ ನೋಡಿದ. ಆಮೇಲೆ ಮೌಸನ್ನು ಮೆಲ್ಲಗೆ ಮೇಲಕ್ಕೆ ಒಯ್ದು, ಆ ಸಣ್ಣ ಚೌಕದಲ್ಲಿದ್ದ ಗುರುತನ್ನು ತೆಗೆದುಬಿಟ್ಟ.

ಗೆರೆಗಳೆಲ್ಲ ಒಮ್ಮೆಲೇ ಹೋದವು. ನೆಲ, ನೀರು ಅಷ್ಟೇ ಉಳಿಯಿತು.

"ಗೆರಿ ಎಲ್ಲಿ ಹೋದ್ವ್ರಿ?"

"ಭೂಮಿ ಮ್ಯಾಲ ಎಲ್ಲ್ಯಾರ ಗೆರಿ ಇರ್ತಾವೇನ? ನಾವ ಹಾಕಿದ್ದು, ನಾವ ತಗದ್ವಿ," ಎಂದ ಚಾಚಾ.

ಚಾಚಿ ಬೆರಳನ್ನು ನಮ್ಮೂರಿನ ಮೇಲಿಟ್ಟು ಗೌಹಾತಿಯ ತನಕ ಸರಿಸಿದಳು. ಉಗುರಿನಷ್ಟೂ ದೂರವಿರಲಿಲ್ಲ. "ನಡಬರಕ ಏನೂ ಇಲ್ಲಲ್ಲ?" ಎಂದು ಕೇಳಿದಳು. ಏನೂ ಇಲ್ಲ ಎಂದು ಅವನು ತಲೆಯಾಡಿಸಿದ.

ಚಾಚಿ ಒಳಗೆ ಹೋಗಿ ರೊಟ್ಟಿ, ಪಲ್ಯ ಹಾಕಿದ ತಾಟು ಹಿಡಿದು ಬಂದಳು. ಮಿಷನ್ನುಗಳ ನಡುವೆ ನೆಲದ ಮೇಲೆ ಕೂತು, "ಬರ್ರಿ, ಕುಂದ್ರಿ" ಎಂದು ಗಂಡನನ್ನು ಕರೆದಳು.

"ನೀ ಉಣ್ಣು. ನಂದು ಆಗೈತಿ," ಎಂದ ಚಾಚಾ.

"ಸುಳ್ಳ ಹೇಳಬ್ಯಾಡ್ರಿ. ಪೈಜಾಮದ ಲಾಡಿ ಎಷ್ಟ ಬಿಗದ ಕಟ್ಟೀರಿ, ನಾ ನೋಡಿಲ್ಲಂತ ಮಾಡೀರೇನು? ಅವ ಫೋನ್ ಬಿಟ್ಟಾಗಿಂದ ನೀವೂ ಉಂಡಿಲ್ಲ."

ನಾನು ಅಷ್ಟು ದಿನ ಅದೇ ಮನೆಯಲ್ಲಿದ್ದು ಚಾಚಿ ಉಣ್ಣಲಿಲ್ಲ, ಚಾಚಿ ಉಣ್ಣಲಿಲ್ಲ ಎಂದು ಒದ್ದಾಡಿದ್ದೆ. ಚಾಚಾ ಉಂಡನೇ ಎಂದು ಒಮ್ಮೆಯೂ ನೋಡಿರಲಿಲ್ಲ. ಗೆರೆಗಳ ಹುಚ್ಚನೆಂದು ಅವನನ್ನು ನೋಡಿ ಊರೇ ನಗುತ್ತಿತ್ತು, ನಾನೂ ನಕ್ಕಿದ್ದೆ. ಆ ಹೊತ್ತು ಅವನ ಮೇಲೆ ಉಕ್ಕಿಬಂದ ಪ್ರೀತಿಯನ್ನು ಹೇಗೆ ಹೇಳಲಿ? ಮರುದಿನ ಭಾಯಿಯ ಫೋನ್ ಬಂದಾಗಲೂ ಅಷ್ಟು ಕಣ್ಣೀರು ಬರಲಿಲ್ಲ ನನಗೆ.

ಚಾಚಾ ನಾಚಿಕೊಂಡು, ಕೊರಳಿನ ಟೇಪು ತೆಗೆದು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತ. ಚಾಚಿ ರೊಟ್ಟಿ ಮುರಿದು ಅವನ ಕೈಗೆ ಕೊಟ್ಟಳು. ಅವನು ತುತ್ತು ಬಾಯಿಗಿಟ್ಟ ಮೇಲೆಯೇ ಅವಳೂ ಉಂಡಳು.